ಅರ್ಧ ಪದಕ್ಕೆ ಪೂರ್ತಿ ಚಪ್ಪಾಳೆ

ನನ್ನ ಅಕ್ಕನ ಹಾಡನ್ನು ಪಿಯಾನೋಗೆ ಒಗ್ಗಿಸಿದ ಮಹನೀಯರು ಬಿಜೂರಿಗೆ ಬಂದ ದಿನ ಊರಲ್ಲೊಂದು ಮದುವೆ ಇತ್ತು. ಭಜನಾ ಮಂಡಳಿಯ ಹೆಂಗಸರೆಲ್ಲ ಅಲ್ಲಿಗೆ ಊಟಕ್ಕೆ ಹೋಗಿದ್ದರು. ಅಕ್ಕ ಮಾತ್ರ ಹೋಗಿರಲಿಲ್ಲ. ಹಾಡು ರೆಕಾರ್ಡ್ ಮಾಡಿಕೊಳ್ಳಲು ಬರುತ್ತೇವೆಂದು ಅವಳಿಗೆ ಫೋನು ಬಂದಿತ್ತು. ರೇಷ್ಮೆ ಸೀರೆ ಉಟ್ಟು ಬೆಳಗ್ಗೆಯೇ ಜಗಲಿಯಲ್ಲಿ ಕುಳಿತಿದ್ದಳು. ಅವಳು ಕರೆದಳೆಂದು ನಾನು ಕುಂದಾಪುರದಿಂದ ಬಸ್ಸಿನಲ್ಲಿ ಹೋಗಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಆಯುಷ್ಯ ಕಳೆದ ತಮ್ಮ ಪಕ್ಕದಲ್ಲಿದ್ದರೆ ದೊಡ್ಡವರ ಜೊತೆ ಮಾತಾಡಲು ಅನುಕೂಲ ಎಂದು ಅವಳ ಲೆಕ್ಕ.

ಬಂದವರು ಸಂಗೀತ ಸಂಯೋಜಕರು. ತಲ್ಲೂರಿನವರು ಎಂದು ಅವರ ಪರಿಚಯಪತ್ರ ಹೇಳುತ್ತದೆ. ಅಜ್ಜನಿಗೆ ತಲ್ಲೂರಿನಲ್ಲಿ ಗದ್ದೆ ಇತ್ತು, ಅಪ್ಪನಿಗೆ ಮುಂಬೈಯಲ್ಲಿ ಹೋಟೆಲು. ಇವರು ಬೆಳೆದದ್ದು ಮುಂಬೈಯಲ್ಲಿ, ಸಂಗೀತ ಕಲಿತದ್ದು ಯುರೋಪಿನಲ್ಲಿ. ಹೆದ್ದಾರಿಯಲ್ಲಿ ಓಡುವ ಕಾರಿನ ಕಿಟಕಿಯಿಂದ ಎಷ್ಟು ಕಾಣುತ್ತದೋ ಅಷ್ಟು ತಲ್ಲೂರು ಅವರಿಗೆ ಗೊತ್ತು. ಅದೇನೂ ಅಪರಾಧವಲ್ಲ. ಆದರೆ ಚಪ್ಪಲಿ ಕಳಚುವ ಮೊದಲೇ 'ನಾನು ನನ್ನ ಬೇರುಗಳಿಗೆ ಮರಳಿದ್ದೇನೆ' ಎಂದರು. ಅವರ ಜೊತೆ ಬಂದ ಕ್ಯಾಮೆರಾದವನಿಗೆ ಅದು ಸರಿಯಾಗಿ ಸಿಗಲಿಲ್ಲವಂತೆ. ಚಪ್ಪಲಿ ಹಾಕಿಕೊಂಡು ಮತ್ತೊಮ್ಮೆ ಅಂಗಳದಿಂದ ನಡೆದು ಬಂದು ಮತ್ತೊಮ್ಮೆ ಮರಳಿದರು.

ಅನುಭಾವದ ಪದಗಳನ್ನು ಸಮಕಾಲೀನ ಕಲಾಗೀತೆಗಳಾಗಿ ಸಂಯೋಜಿಸುವುದು ಅವರ ಯೋಜನೆ. ಕಲಾಗೀತೆ ಎಂದರೆ ಒಂದು ಕವಿತೆ, ಒಂದು ಕಂಠ, ಒಂದು ಪಿಯಾನೋ. ಇವರದರಲ್ಲಿ ಹೆಚ್ಚಿಗೆ ಒಂದು ಚೆಲ್ಲೊ, ಪಿಟೀಲಿನ ದೊಡ್ಡಣ್ಣ. ಕೇಳುವವರು ಕೆಮ್ಮದೆ ಕೂರಬೇಕು, ಪಲ್ಲವಿ ಮತ್ತೆ ಬರುತ್ತದೆಂದು ಕಾಯಬಾರದು. ಪಿಯಾನೋ ಮೇಲೆ ನನಗೆ ದ್ವೇಷವಿಲ್ಲ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ, ಈಗ ಅದಿಲ್ಲದೆ ನಮ್ಮ ದೇವರಿಗೆ ಶುಕ್ರವಾರದ ಭಜನೆ ಆಗುವುದಿಲ್ಲ. ನನ್ನ ತಕರಾರು ವಾದ್ಯದ್ದಲ್ಲ.

ಅಕ್ಕನ ಮಂಡಳಿಯಲ್ಲಿ ಒಂದು ಪದ ಇದೆ. ಬರೆದವರು ಯಾರೋ ಯಾರಿಗೂ ಗೊತ್ತಿಲ್ಲ. ಮಂಡಳಿಯವರು ಅದನ್ನು ಬಾವಿ ಪದ ಎನ್ನುತ್ತಾರೆ. ಅದನ್ನು ಹೇಳುವ ಕ್ರಮ ಹೀಗೆ: ಸಾಲಿನ ಮೊದಲರ್ಧ ಒಬ್ಬಳದು, ಉಳಿದರ್ಧ ಕೂಟದ್ದು.

'ಬತ್ತಿದ ಬಾವಿಗೆ ಕೊಡಪಾನ ಬಿಟ್ಟೆ' ಎಂದು ಅಕ್ಕ ಎತ್ತುತ್ತಾಳೆ. 'ತುಂಬೀ ಬಂತಲ್ಲೇ, ಅಕ್ಕಾ, ತುಂಬೀ ಬಂತು' ಎಂದು ಉಳಿದವರು ಮುಗಿಸುತ್ತಾರೆ. 'ಎಣ್ಣೆ ಇಲ್ಲದ ಹಣತೆಗೆ ಬತ್ತಿ ಹೊಸೆದೆ' ಎಂದು ಅವಳು. 'ಹತ್ತೀ ಉರಿಯಿತಲ್ಲೇ' ಎಂದು ಇವರು. 'ತಳವಿಲ್ಲದ ದೋಣಿಗೆ ಕಾಲು ಇಟ್ಟೆ' ಎಂದು ಅವಳು. 'ದಾಟೀ ಬಂದೆನಲ್ಲೇ' ಎಂದು ಇವರು. ಹೀಗೆ ಸಾಗುತ್ತದೆ. ಇವರು ಮುಗಿಸುವಾಗ ಅಕ್ಕ ಉಸಿರು ತೆಗೆದುಕೊಳ್ಳುತ್ತಾಳೆ, ತಾಳ ಹಾಕುತ್ತಾಳೆ, ಯಾರು ತಡವಾಗಿ ಬಂದರೆಂದು ನೋಡುತ್ತಾಳೆ. ಆ ಅರ್ಧಕ್ಕೆ ಅವಳು ಬಾಯಿ ಹಾಕುವುದಿಲ್ಲ. ಅದು ಅವರ ಪಾಲು. ಎತ್ತುವವಳು ಮುಗಿಸಿದರೆ ಬಡಿಸಿದವಳೇ ಪಂಕ್ತಿಯಲ್ಲಿ ಕೂತು ಉಂಡ ಹಾಗೆ ಎಂದು ಮಂಡಳಿಯ ಅಭಿಪ್ರಾಯ. ಅಕ್ಕ ಎರಡನೇ ಅರ್ಧ ಹಾಡಿದ್ದನ್ನು ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ನಾನು ಕೇಳಿರಲಿಲ್ಲ.

ಆ ದಿನ ಜಗಲಿಯಲ್ಲಿ ಸಂಯೋಜಕರು ಮೈಕು ಇಟ್ಟು ಹೇಳಿದರು, "ಅಮ್ಮಾ, ತಾಳ ಬೇಡ. ಅದರ ಶಬ್ದ ಜಾಸ್ತಿ. ನೀವು ಹೇಗೆ ಹಾಡ್ತೀರೋ ಹಾಗೇ ಹಾಡಿ. ನಾನು ಮಧ್ಯೆ ಒಂದಕ್ಷರ ಮಾತಾಡುವುದಿಲ್ಲ."

ಅಕ್ಕ ಹಾಗೇ ಹಾಡಿದಳು. ಮೊದಲರ್ಧ ಹೇಳಿ ನಿಲ್ಲಿಸಿದಳು. ಮದುವೆಮನೆಯಲ್ಲಿ ಪಾಯಸ ಉಣ್ಣುತ್ತಿದ್ದವರ ಪಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೆರಳಲ್ಲಿ ಲೆಕ್ಕ ಹಿಡಿದು ಸುಮ್ಮನಿದ್ದು, ಮುಂದಿನ ಸಾಲು ಎತ್ತಿದಳು. ಅವಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ನನಗೂ ಕಾಣಲಿಲ್ಲ, ನನ್ನ ಕಿವಿ ಆ ಜಾಗವನ್ನು ತಾನೇ ತುಂಬಿಕೊಂಡಿತ್ತು. ಸಂಯೋಜಕರು ಕಣ್ಣು ಮುಚ್ಚಿಕೊಂಡಿದ್ದರು. ಮುಗಿದಾಗ ಅವರ ರೆಪ್ಪೆ ಒದ್ದೆಯಾಗಿತ್ತು. "ಎಂಥ ಮೌನ!" ಎಂದರು. ಅಕ್ಕ ಅದು ತನ್ನ ಕಂಠದ ಬಗ್ಗೆ ಎಂದು ತಿಳಿದು ಸಂತೋಷದಿಂದ ಎಳನೀರಿನ ಬೊಂಡ ಕೊಚ್ಚಿಸಿ ಕೊಟ್ಟಳು.

ಮಳೆಗಾಲ ಕಳೆದ ಮೇಲೆ ಹಾಡು ಹೊರಬಂತು. ಮೊದಲು ದೊಡ್ಡ ಊರಿನ ಸಭಾಂಗಣದಲ್ಲಿ, ಆಮೇಲೆ ಎಲ್ಲರ ಫೋನಿನಲ್ಲಿ. ಗಾಯಕಿ ತರಬೇತಿ ಪಡೆದ, ಎತ್ತರದ ಕಂಠದ ಹುಡುಗಿ. ಬತ್ತಿದ ಬಾವಿಗೆ ಕೊಡಪಾನ ಬಿಟ್ಟಳು. ಮೌನ. ಎಣ್ಣೆ ಇಲ್ಲದ ಹಣತೆಗೆ ಬತ್ತಿ ಹೊಸೆದಳು. ಮೌನ. ತಳವಿಲ್ಲದ ದೋಣಿಗೆ ಕಾಲಿಟ್ಟಳು. ಮೌನ, ಚೆಲ್ಲೊದ ಒಂದು ನರಳಿಕೆ, ಮತ್ತೆ ಮೌನ. ಅಕ್ಕ ಬೆರಳಲ್ಲಿ ಹಿಡಿದ ಲೆಕ್ಕವನ್ನು ಅವರು ನಿಖರವಾಗಿ ಅಳೆದು ಸ್ವರಲಿಪಿಯಲ್ಲಿ ಬರೆದುಕೊಂಡಿದ್ದರು. ನೀರು ಬಂತು, ದೀಪ ಹತ್ತಿತು, ದಡ ಸಿಕ್ಕಿತು ಎಂದು ಕುಣಿಯುವ ಹಾಡೊಂದು ನೀರಿಲ್ಲ, ಬೆಳಕಿಲ್ಲ, ದಡವಿಲ್ಲ ಎಂಬ ಹಾಡಾಗಿತ್ತು.

ಯಾರೂ ಇದನ್ನು ಗಮನಿಸಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಗಮನಿಸಿ ಹೊಗಳಿದರು. ಬ್ರಹ್ಮಾವರದ ಒಬ್ಬ ನಿವೃತ್ತ ಪ್ರಾಧ್ಯಾಪಕರು, ನಮ್ಮ ಕಡೆಯ ಎಲ್ಲ ವೇದಿಕೆಗಳಲ್ಲೂ ಬಲಗಡೆಯ ಕುರ್ಚಿ ಅವರದೇ, ಪತ್ರಿಕೆಯ ಭಾನುವಾರದ ಪುಟದಲ್ಲಿ ದೀರ್ಘ ಲೇಖನ ಬರೆದರು. ಕರಾವಳಿಯ ಅನುಭಾವ ಪರಂಪರೆ ಉತ್ತರ ಕೊಡುವ ಪರಂಪರೆಯಲ್ಲ, ಅದು ಪ್ರಶ್ನೆಯನ್ನು ಶೂನ್ಯದಲ್ಲಿ ನಿಲ್ಲಿಸುವ ಪರಂಪರೆ ಎಂದು ಸಾಧಿಸಿದರು. ಅದೇ ಪುಟವನ್ನು ನಾನು ಹಿಂದೆ ನೋಡಿಕೊಳ್ಳುತ್ತಿದ್ದೆ. ಬಿಜೂರಿಗೆ ಒಂದು ಫೋನು ಮಾಡಿ ಕೇಳಿದ್ದರೆ ಲೇಖನ ಬಿದ್ದುಹೋಗುತ್ತಿತ್ತು. ಈಗ ಫೋನು ಮಾಡುವ ರೂಢಿ ಹೋಗಿದೆ, ಪುಟ ತುಂಬಿಸುವ ರೂಢಿ ಉಳಿದಿದೆ.

ಅಕ್ಕನಿಂದ ಫೋನು ಬಂತು. "ಈ ಶುಕ್ರವಾರ ಒಂದ್ ಬಾ ಮಾರಾಯ. ನಾ ಎಂತದೂ ಹೇಳುದಿಲ್ಲೆ. ನೀನೇ ಕಾಣ್."

ಹೋದೆ. ಭಜನಾ ಮಂದಿರದಲ್ಲಿ ಚಾಪೆ ಹಾಸಿ ಹೆಂಗಸರು ಎಂದಿನಂತೆ ಕೂತಿದ್ದರು. ಅಕ್ಕ ತಾಳ ಹಿಡಿದು ಬಾವಿ ಪದ ಎತ್ತಿದಳು. ಬತ್ತಿದ ಬಾವಿಗೆ ಕೊಡಪಾನ ಬಿಟ್ಟಳು. ಯಾರೂ ಮುಗಿಸಲಿಲ್ಲ. ಎಲ್ಲರೂ ದೇವರ ಪಟ ನೋಡುತ್ತ ಕೂತರು. ಅಕ್ಕನ ತಾಳ ಎರಡು ಏಟು ಹೊಡೆದು ನಿಂತಿತು.

"ನಮ್ಮನ್ನ್ ಎಂತ ಕಾಂತೆ? ಹೇಳ್," ಎಂದಳು ಮುಂದೆ ಕೂತಿದ್ದ ಗಟ್ಟಿ ಗಂಟಲಿನ ಹೆಂಗಸು. ವಂಡ್ಸೆಯಿಂದ ಬಿಜೂರಿಗೆ ಮದುವೆಯಾಗಿ ಬಂದವಳು, ಗಂಡನ ಜೊತೆ ಮುಂಬೈಯಲ್ಲಿ ಹೋಟೆಲು ನಡೆಸಿ ವಾಪಸು ಬಂದವಳು. ಕೂಟದ ಅರ್ಧಕ್ಕೆ ಅವಳದೇ ನಾಯಕತ್ವ. "ರೇಷ್ಮೆ ಸೀರೆ ಉಟ್ಕಂಡ್ ಒಬ್ಳೇ ಹೇಳ್ದವ್ಳಿಗೆ ಈಗ ನಾವ್ ಎಂತಕ್ಕೆ?"

"ನಾ ಬೇಕಂತ ಬಿಟ್ಟದ್ದಲ್ಲ ಮಾರಾಯ್ತಿ. ನೀವ್ ಎಲ್ಲ ಊಟಕ್ಕೆ ಹೋಯಿದ್ರಿ."

"ಒಂದ್ ಊಟಕ್ಕೆ ಹೋದ್ರೆ ನಮ್ಮ್ ಪಾಲ್ ತೆಗ್ದ್ ಬಿಸಾಡುದಾ? ಖಾಲಿಪೀಲಿ ನಮ್ಮನ್ನ್ ಮೂಗ್ರ್ ಮಾಡಿ ಹಾಕ್ದೆ."

ಹಿಂದಿನಿಂದ ಒಬ್ಬಳು ಅಜ್ಜಿ ಹೇಳಿದಳು, "ಪೇಪರಂಗ್ ಬಂದಿತ್ ಅಲ್ದಾ, ಅದ್ರಗೆ ಮೌನವೇ ದೊಡ್ಡದ್ ಅಂಬ್ರ್. ಹಾಂಗಾರೆ ದೊಡ್ಡವ್ರ್ ನಾವೇ. ಸುಮ್ನೆ ಕೂಕಂಬ, ಶಾಲ್ ಹೊದ್ಸುಕೆ ಬತ್ರ್!"

ಎಲ್ಲರೂ ನಕ್ಕರು, ಅಕ್ಕ ಒಬ್ಬಳನ್ನು ಬಿಟ್ಟು. ವಂಡ್ಸೆಯವಳು ಬೇರೆ ಹಾಡು ಎತ್ತಿದಳು. ಉಳಿದವರು ಹೇಳಿದರು. ಅಕ್ಕ ತಾಳವನ್ನು ಮಡಿಲಲ್ಲಿಟ್ಟುಕೊಂಡು ಮಂಗಳಾರತಿಯವರೆಗೆ ಕೂತಳು. ಇದು ಎರಡನೆಯ ವಾರವಂತೆ. ಗದ್ದೆಯ ಅಂಚಿನಲ್ಲಿ ಮನೆಗೆ ನಡೆಯುವಾಗ ಹೇಳಿದಳು, "ಆ ಮನುಷ್ಯನಿಗೆ ನೀನ್ ಹೇಳ್. ಕುಂದಾಪ್ರದಗೆ ಕಾರ್ಯಕ್ರಮ ಮಾಡಿ ಹಾಡ್ಸ್ತ್ರ್ ಅಂಬ್ರ್ ಅಲ್ದಾ, ಅದ್ರೊಳ್ಗೆ ಆ ಅರ್ಧ ಸೇರ್ಸುಕೆ ಹೇಳ್. ಇಲ್ದಿರೆ ನಂಗೆ ಇನ್ ಶುಕ್ರವಾರ ಇಲ್ಲೆ."

ಗಂಡ ತೀರಿಕೊಂಡ ಮೇಲೆ ವಾರದಲ್ಲಿ ಅವಳು ಮನೆ ಬೀಗ ಹಾಕಿ ಹೊರಡುವುದು ಅದೊಂದೇ ಸಂಜೆ.

ಸಂಯೋಜಕರು ಕುಂದಾಪುರದ ಕಾರ್ಯಕ್ರಮದ ತಯಾರಿಗೆ ಬಂದಿಳಿದಾಗ ಹೋಟೆಲಿನಲ್ಲಿ ಹೋಗಿ ಕಂಡೆ. ಬ್ರಹ್ಮಾವರದ ಪ್ರಾಧ್ಯಾಪಕರೂ ಅಲ್ಲೇ ಇದ್ದರು, ಬನ್ಸ್ ತಿನ್ನುತ್ತಿದ್ದರು. ನಾನು ವಿಷಯವನ್ನು ವರದಿಯ ಹಾಗೆ ಹೇಳಿದೆ: ಯಾರು ಯಾವ ಅರ್ಧ ಹೇಳುತ್ತಾರೆ, ಆ ದಿನ ಯಾರು ಇರಲಿಲ್ಲ, ಎಲ್ಲಿಗೆ ಹೋಗಿದ್ದರು. ಬಿಟ್ಟುಹೋದ ಸಾಲುಗಳನ್ನೂ ಓದಿದೆ.

ಸಂಯೋಜಕರ ಮುಖ ಒಂದು ಕ್ಷಣ ಬಿಳಿಚಿತು. ಅವರಿಗೆ ಅರ್ಥವಾಯಿತು. ಆ ಕ್ಷಣದಲ್ಲಿ ಅವರು 'ಅಯ್ಯೋ' ಎಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. "ಇಂಟರೆಸ್ಟಿಂಗ್," ಎಂದರು.

ಪ್ರಾಧ್ಯಾಪಕರು ಬಾಯಿ ಒರೆಸಿಕೊಂಡರು. "ಆ ಅರ್ಧ ಪ್ರಕ್ಷಿಪ್ತ. ಆಮೇಲೆ ಸೇರಿಸಿದ್ದು. ಮೂಲದಲ್ಲಿ ಅದಿರಲು ಸಾಧ್ಯವಿಲ್ಲ. ಬತ್ತಿದ ಬಾವಿಗೆ ಕೊಡಪಾನ ಇಳಿಸುವಷ್ಟು ದೊಡ್ಡ ಅನುಭಾವಿ, ತುಂಬಿ ಬಂತು ಅಂತ ಹೇಳಿ ಅದನ್ನು ಕೆಡಿಸುವುದುಂಟೇ?"

"ಸರ್, ಬಾವಿ ಪದ ಅಂದರೆ ಅವರಿಗೆ ತುಂಬಿ ಬಂದದ್ದೇ ಪದ," ಎಂದೆ.

"ಜನಪದರು ಮುಗ್ಧರು. ಅವರಿಗೆ ಸುಖಾಂತ ಬೇಕು."

"ನೀವು ಒಮ್ಮೆ ಬಿಜೂರಿಗೆ ಬಂದು ಕೇಳಬಹುದಿತ್ತು."

"ಅಗತ್ಯವಿಲ್ಲ. ಪಠ್ಯವೇ ಹೇಳುತ್ತದೆ."

ಪಠ್ಯ ಹೇಳುವುದು ಇವರು ಕೇಳಿಸಿಕೊಂಡದ್ದನ್ನಷ್ಟೇ. ಸಂಯೋಜಕರು ನಡುವೆ ಬಂದು ಸಮಾಧಾನ ಮಾಡಿದರು. "ನೋಡಿ ಸರ್, ಮೌನವೇ ಈ ಕೃತಿಯ ಕೇಂದ್ರ. ಅದನ್ನು ತುಂಬಿಸಿದರೆ ಉಳಿಯುವುದು ಭಜನೆ." ಭಜನೆ ಎಂಬ ಮಾತನ್ನು ಅವರು ಕಾಲಿಗೆ ಅಂಟಿದ್ದನ್ನು ಹುಲ್ಲಿಗೆ ಒರೆಸುವ ಹಾಗೆ ಉಚ್ಚರಿಸಿದರು. "ಒಂದು ಕೆಲಸ ಮಾಡೋಣ. ನಿಮ್ಮ ಅಕ್ಕ, ಆ ಮಹಿಳೆಯರು, ಎಲ್ಲರನ್ನೂ ಮುಂದಿನ ಸಾಲಿನಲ್ಲಿ ಕೂರಿಸೋಣ. ಶಾಲು ಹೊದಿಸೋಣ. ಅವರು ಬಂದರೆ ಕಾರ್ಯಕ್ರಮಕ್ಕೂ ಒಂದು ಮಣ್ಣಿನ ವಾಸನೆ ಬರುತ್ತದೆ."

ಅಕ್ಕನಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ: ಅವರು ಸೇರಿಸುವುದಿಲ್ಲ, ಶಾಲು ಕೊಡುತ್ತಾರೆ. "ಶಾಲ್ ಹೊದ್ಕಂಡ್ ಎಂತ ಮಾಡುದ್, ಇಲ್ಲಿ ಸೆಕೆ," ಎಂದಳು.

ಕಾರ್ಯಕ್ರಮ ಒಂದು ಭಾನುವಾರದ ಸಂಜೆ, ಹವಾನಿಯಂತ್ರಿತ ಸಭಾಂಗಣದಲ್ಲಿ. ಮಂಡಳಿಯವರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಂದರು. ಜಗಳ ಅಕ್ಕನ ಜೊತೆಗಿತ್ತೇ ಹೊರತು ಎಸಿಯ ಜೊತೆಗಿರಲಿಲ್ಲ. ಅಕ್ಕ ನನ್ನ ಪಕ್ಕ, ಅವರೆಲ್ಲ ಅವಳ ಆಚೆಗೆ. ಕೂರುವಾಗ ಒಬ್ಬಳೂ ಅವಳನ್ನು ಮಾತಾಡಿಸಲಿಲ್ಲ. ನಿರೂಪಕಿ ಮೈಕಿನಲ್ಲಿ ಫೋನು ಆರಿಸಲು, ಹಾಡುಗಳ ನಡುವೆ ಚಪ್ಪಾಳೆ ತಟ್ಟದಿರಲು, ಮೌನಕ್ಕೆ ಗೌರವ ಕೊಡಲು ಕೇಳಿಕೊಂಡಳು. ಶಾಲು ಹೊದಿಸಿದರು. ಪ್ರಾಧ್ಯಾಪಕರು ಶೂನ್ಯದ ಬಗ್ಗೆ ಮಾತಾಡಿದರು. ಶೂನ್ಯ ಬೇಗ ಮುಗಿಯಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆರಂಭದಲ್ಲಿ ಚೆಲ್ಲೊ ಒಂದೇ ಅಕ್ಕನ ಧಾಟಿಯನ್ನು ನುಡಿಸಿತು. ತಗ್ಗಿನ ದನಿಯಲ್ಲಿ, ಅಲಂಕಾರವಿಲ್ಲದೆ. ಚೆನ್ನಾಗಿತ್ತು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ಆಮೇಲೆ ಪಿಯಾನೋ ಒಂದೇ ಸ್ವರವನ್ನು ನಲ್ಲಿ ತೊಟ್ಟಿಕ್ಕುವ ಹಾಗೆ ಕುಟ್ಟಲು ಶುರುಮಾಡಿತು. ಬಾವಿಯ ಸಂಕೇತ ಇರಬೇಕು.

ಗಾಯಕಿ ಮೊದಲ ಸಾಲು ಹಾಡಿದಳು. ಮೌನ. ನನ್ನ ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಸಾಲಿನುದ್ದಕ್ಕೂ ಮಂಡಳಿಯ ಹೆಂಗಸರ ಗಂಟಲು ಏರಿ ಇಳಿದದ್ದು ನನಗೆ ಕಾಣುತ್ತಿತ್ತು. ಅಭ್ಯಾಸ ನುಗ್ಗುತ್ತಿತ್ತು, ಹಟ ತಡೆಯುತ್ತಿತ್ತು. ವಂಡ್ಸೆಯವಳು ಸೆರಗನ್ನು ಬಾಯಿಗೆ ಹಿಡಿದಿದ್ದಳು. ಎರಡನೆಯ ಸಾಲು. ಮೌನ. ಸಂಯೋಜಕರು ವೇದಿಕೆಯ ಬದಿಯಲ್ಲಿ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ್ದರು.

ಮೂರನೆಯ ಸಾಲು. ತಳವಿಲ್ಲದ ದೋಣಿಗೆ ಕಾಲು ಇಟ್ಟಳು. ನಿಂತಳು.

'ದಾಟೀ ಬಂದೆನಲ್ಲೇ' ಎಂದು ಒಂದು ದನಿ ಬಂತು. ಅಕ್ಕನದು. ಒಡೆದ ದನಿ. ಆ ಅರ್ಧದ ಧಾಟಿ ಅವಳ ಗಂಟಲಿಗೆ ಪರಿಚಯವೇ ಇರಲಿಲ್ಲ. ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಯಿತು. ಸಭೆ ತಿರುಗಿ ನೋಡಿತು. ಸಂಯೋಜಕರು ಕಣ್ಣು ತೆರೆದರು. ಬ್ಯಾಡ್ಜು ಹಾಕಿಕೊಂಡ ಸ್ವಯಂಸೇವಕ ತುಟಿಗೆ ಬೆರಳಿಟ್ಟುಕೊಂಡು ಬಗ್ಗಿ ಬರತೊಡಗಿದ.

ಅವನಿಗಿಂತ ಮೊದಲು ವಂಡ್ಸೆಯವಳು ಎದ್ದಳು. "ಹ್ವಾಯ್! ಅದ್ ನಮ್ದ್. ನೀ ಎಂತಕ್ಕೆ ಬಾಯ್ ಹಾಕ್ತೆ? ಹೇಳುಕೆ ಬತ್ತಿಲ್ಲೆ, ಹಾಳ್ ಮಾಡ್ತೆ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ಕಡೆಗೇ ಮುಖ ಮಾಡಿ, ಸರಿಯಾಗಿ ಹೇಳಿ ತೋರಿಸಿದಳು: 'ದಾಟೀ ಬಂದೆನಲ್ಲೇ, ಅಕ್ಕಾ, ದಾಟೀ ಬಂದೆ.' ಅಷ್ಟರಲ್ಲಿ ಸಾಲಿಗೆ ಸಾಲೇ ಸೇರಿಕೊಂಡಿತು. ಎಸಿಯಿಂದ ಗಂಟಲು ಕಟ್ಟಿದ್ದ ಅಜ್ಜಿ ಕೂಡ.

ಪಿಯಾನೋದವನ ಕೈ ದಾರಿ ತಪ್ಪಿತು. ಸಂಯೋಜಕರು ಟ್ರಾಫಿಕ್ ಪೊಲೀಸರ ಹಾಗೆ ಕೈ ಅಡ್ಡ ಹಿಡಿದರು, ಯಾರಿಗೆ ಎಂದು ತಿಳಿಯಲಿಲ್ಲ. ಆ ವೇದಿಕೆಯಲ್ಲಿ ಸಂಗೀತ ಬಲ್ಲವರು ಇದ್ದರೆ ಅದು ಗಾಯಕಿ ಒಬ್ಬಳೇ. ಅವಳು ಕಾದಳು, ಬೆರಳಲ್ಲಿ ಲೆಕ್ಕ ಹಿಡಿದಳು, ಹೆಂಗಸರು ಮುಗಿಸಿದ ಕೂಡಲೇ ಮುಂದಿನ ಸಾಲು ಅವರ ಕೈಗೆ ಕೊಟ್ಟಳು. ಉಳಿದದ್ದೆಲ್ಲ ಹಾಗೇ ನಡೆಯಿತು. ಅಕ್ಕ ಮತ್ತೆ ಬಾಯಿ ಬಿಡಲಿಲ್ಲ.

ವಂದನಾರ್ಪಣೆಯಲ್ಲಿ ಪ್ರಾಧ್ಯಾಪಕರು ಇದನ್ನು ಮುಗ್ಧ ಸ್ಪಂದನ ಎಂದು ಕರೆದರು. ಸಂಯೋಜಕರು ಹಿಂದಿನ ಬಾಗಿಲಿನಿಂದ ಹೋದರು. ಪತ್ರಿಕೆಯಲ್ಲಿ 'ಮೌನಕ್ಕೆ ಮಾರುಹೋದ ಕುಂದಾಪುರ' ಎಂದು ಬಂತು. ವರದಿಗಾರ ಉದ್ಘಾಟನೆ ಮುಗಿಸಿ ಹೊರಟಿದ್ದನ್ನು ನಾನೇ ನೋಡಿದ್ದೆ. ಕೆಲವು ವಾರದ ಮೇಲೆ ವಿಡಿಯೊ ಬಿಡುಗಡೆಯಾಯಿತು. ಅದರಲ್ಲಿ ಹೆಂಗಸರ ದನಿ ಇಲ್ಲ. ಒಂದೊಂದು ಸಾಲಿನ ನಂತರವೂ ತೊಳೆದು ಒಣಗಿಸಿದಂಥ ಮೌನ. ಶಾಲು ಹೊದಿಸುವ ದೃಶ್ಯ ಮಾತ್ರ ಇದೆ, ಮಣ್ಣಿನ ವಾಸನೆಗೆ.

ಆ ಸಂಜೆ ಹೊರಗೆ, ಟೆಂಪೋ ಟ್ರಾವೆಲರಿನ ಬಾಗಿಲಲ್ಲಿ, ಅಕ್ಕ ಹತ್ತಲೋ ಬೇಡವೋ ಎಂದು ನಿಂತಿದ್ದಳು. ನನ್ನ ಜೊತೆ ಉಳಿದು ಬೆಳಿಗ್ಗೆ ಬಸ್ಸಿಗೆ ಹೋಗುತ್ತೇನೆ ಎಂದಳು.

ವಂಡ್ಸೆಯವಳು ಒಳಗಿನಿಂದ ಬಗ್ಗಿ ಕೂಗಿದಳು. "ಹ್ವಾಯ್, ಎಂತ ನಿಂತದ್ದ್? ಹತ್ತ್."

"ನಂಗೆ ಬಯ್ದದ್ದ್ ಮುಗೀತಾ?"

"ಎಲ್ಲಿ ಮುಗೀತ್! ಎಂತ ರಾಗ ಮಾರಾಯ್ತಿ ಅದ್? ಖಾಲಿ ಹಂಡೆ ಎಳ್ದಾಂಗೆ. ನಂಗೆ ನಾಚ್ಕೆ ಆಯ್ತ್, ಅದ್ಕೇ ಎದ್ದದ್ದ್."

"ನೀವ್ ಬಾಯ್ ಬಿಡ್ದಿರೆ ನಾ ಎಂತ ಮಾಡುದ್?"

"ನಿಂದ್ ನೀ ಹೇಳ್. ನಮ್ದಕ್ಕೆ ಬಪ್ದ್ ಬೇಡ. ಶುಕ್ರವಾರ ಬೇಗ ಬಾ, ಗಂಟಲ್ ಸಮಾ ಮಾಡ್ಕಂಡ್ ಬಾ. ಹೋಯ್, ಪೇಪರ್‌ನವ್ರೆ, ನಿಮ್ಮಕ್ಕನ್ನ ಹತ್ಸಿ, ಡ್ರೈವರ್ ಬೈತ."

ಅಕ್ಕ ಚೀಲವನ್ನು ನನ್ನ ಕೈಯಿಂದ ಕಸಿದುಕೊಂಡು ಹತ್ತಿದಳು.